ಹುಣಸೆ ಮುಗಿದ ದಿನ

ಜುಲೈ ಕೊನೆಯ ವಾರ. ಪುನರ್ವಸು ಮುಗಿದು ಪುಷ್ಯ ಮಳೆ ಹಿಡಿದಿತ್ತು. ಮೂರು ದಿನದಿಂದ ಕರೆಂಟಿಲ್ಲ. ಗೋಣಿಬೀಡಿನಿಂದ ಮೂಡಿಗೆರೆಗೆ ಹೊರಟ ಆಟೋ, ದಾರಿಗೆ ಅಡ್ಡ ಬಿದ್ದ ಸಿಲ್ವರ್ ಓಕ್ ಮರ ನೋಡಿ ಅರ್ಧದಲ್ಲೇ ತಿರುಗಿ ಬಂದಿತ್ತು. ಮಧ್ಯಾಹ್ನದ ಊಟಕ್ಕೆ ಐದು ಜನ ನೆಂಟರು. ಕೆಸುವಿನ ಗೆಡ್ಡೆ ಹೆಚ್ಚಿಟ್ಟು ಹುಣಸೆ ಡಬ್ಬಿ ತೆಗೆದರೆ ತಳದಲ್ಲಿ ನಾಲ್ಕು ಬೀಜ, ಒಂದಿಷ್ಟು ನಾರು.

"ಅತ್ತೆ, ಹುಣ್ಸೆಹಣ್ಣು ಮುಗ್ದಿದೆ" ಅಂದೆ.

ಅವರು ಒಲೆ ಊದುತ್ತಿದ್ದವರು ತಲೆಯೆತ್ತಲಿಲ್ಲ. "ಮುಗೀಲಿ ಬಿಡು. ಅಟ್ಟದ ಮೇಲೆ ವಾಟೆಹುಳಿ ಯಾವ ಕಾಲಕ್ಕೆ ಅಂತ ಇಟ್ಟಿರೋದು?"

ಅಟ್ಟದ ಮೇಲೆ, ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ, ಬೇಸಿಗೆಯಲ್ಲಿ ಹೆಚ್ಚಿ ಒಣಗಿಸಿದ ವಾಟೆಹುಳಿಯ ಹೋಳುಗಳಿದ್ದವು. ಕಂದುಗಪ್ಪು ಬಣ್ಣ, ಚಪ್ಪಲಿ ಹೊಲಿಯುವ ತೊಗಲಿನಷ್ಟು ಗಟ್ಟಿ. ನಾಲ್ಕು ಹೋಳು ಬಿಸಿನೀರಿಗೆ ಹಾಕಿ ಕಾಲು ಗಂಟೆ ಬಿಟ್ಟರೆ ಮೆತ್ತಗಾಗುತ್ತವೆ. ಮಸಾಲೆಯ ಜೊತೆ ಒರಳಿಗೆ ಹಾಕಿ ಅರೆದೆವು. ಮಿಕ್ಸಿಯೂ ಮಲಗಿತ್ತಲ್ಲ. ನೆಂಟರು ಎರಡು ಸಲ ಹಾಕಿಸಿಕೊಂಡರು. ಹುಣಸೆ ಇಲ್ಲ ಎಂದು ಯಾರಿಗೂ ಗೊತ್ತಾಗಲಿಲ್ಲ.

ಆ ದಿನದಿಂದ ನಾನು ಒಂದು ಅಭ್ಯಾಸ ಮಾಡಿಕೊಂಡೆ. ಡಬ್ಬಿ ಖಾಲಿಯಾದಾಗ "ಇದರ ಬದಲು ಏನು ಹಾಕಲಿ" ಎಂದು ಕೇಳುವ ಮೊದಲು, "ಇದು ಈ ಅಡುಗೆಯಲ್ಲಿ ಏನು ಕೆಲಸ ಮಾಡುತ್ತಿತ್ತು" ಎಂದು ಕೇಳಿಕೊಳ್ಳುತ್ತೇನೆ. ಹುಣಸೆ ಸಾರಿನಲ್ಲಿ ಬರೀ ಹುಳಿ ಕೊಡುತ್ತದೆ. ಗೊಜ್ಜಿನಲ್ಲಿ ಹುಳಿಯ ಜೊತೆ ಗಟ್ಟಿತನವನ್ನೂ, ಕಪ್ಪು ಬಣ್ಣವನ್ನೂ ಕೊಡುತ್ತದೆ. ಕೆಸುವಿನ ಜೊತೆ ಸೇರಿದರೆ ಅದಕ್ಕೆ ಗಂಟಲು ಕಾಯುವ ಕೆಲಸ. ಒಂದೇ ಹುಣಸೆಗೆ ಮೂರು ನೌಕರಿ. ಹಾಗಾಗಿ ಮೂರಕ್ಕೂ ಒಂದೇ ಬದಲಿ ಆಗಿಬರುವುದಿಲ್ಲ.

ಹಿತ್ತಲಿನ ಹುಳಿಗಳು

ನಿಜ ಹೇಳಬೇಕೆಂದರೆ ಹುಣಸೆ ನಮ್ಮ ಮರವೇ ಅಲ್ಲ. ಅದು ಬಿಸಿಲು ಬೇಡುವ ಬಯಲುಸೀಮೆಯ ಮರ. ಕಡೂರು, ಅರಸೀಕೆರೆ, ತುಮಕೂರು ಕಡೆಯಿಂದ ಚಿಪ್ಪು ಬಿಡಿಸಿಕೊಂಡು, ಉಂಡೆ ಕಟ್ಟಿಸಿಕೊಂಡು ಘಟ್ಟ ಹತ್ತಿ ಬರುತ್ತದೆ. ಇಲ್ಲಿಯ ಮಳೆಗೆ ಅದು ಬದುಕಿದರೂ ಕೈತುಂಬ ಕಾಯಿ ಬಿಡುವುದಿಲ್ಲ. ಅಂಗಡಿಯ ಹುಣಸೆ ಕೈಗೆಟುಕುವ ಮೊದಲು ಮಲೆನಾಡಿನ ಅಡುಗೆ ಕಾಡಿನ, ಹಿತ್ತಲಿನ ಹುಳಿಗಳಿಂದಲೇ ನಡೆಯುತ್ತಿತ್ತು. ಲೆಕ್ಕ ಹಾಕಿದರೆ ಇಲ್ಲಿ ಹುಣಸೆಯೇ ಬದಲಿ, ವಾಟೆಹುಳಿ ಅಸಲು.

ವಾಟೆ ಹಲಸಿನ ಬಳಗದ ಮರ. ಕಾಯಿ ಉಬ್ಬುತಗ್ಗಾಗಿ, ಯಾರೋ ಮುಷ್ಟಿ ಹಿಡಿದು ಬಿಟ್ಟ ಹಿಟ್ಟಿನುಂಡೆಯ ಹಾಗಿರುತ್ತದೆ. ಬಲಿತ ಕಾಯನ್ನು ಹೆಚ್ಚಿ ಬಿಸಿಲಿಗೆ ಹಾಕಿ, ಚೆನ್ನಾಗಿ ಒಣಗಿದ ಮೇಲೆ ಡಬ್ಬಿಗೆ ತುಂಬಿದರೆ ವರ್ಷ ತಡೆಯುತ್ತದೆ. ಇದರ ಹುಳಿ ಹುಣಸೆಯಷ್ಟು ಚುರುಕಲ್ಲ, ತುಸು ಮೆದು. ಸಣ್ಣ ನಿಂಬೆ ಗಾತ್ರದ ಹುಣಸೆ ಬೇಕಿದ್ದಲ್ಲಿ ನಮ್ಮ ಮನೆಯಲ್ಲಿ ನಾಲ್ಕೈದು ಹೋಳು. ಮೀನಿಗೂ ಆಗುತ್ತದೆ, ಕಳಲೆಗೂ ಆಗುತ್ತದೆ.

ಉಪ್ಪಾಗೆಯ ಕಥೆ ಬೇರೆ. ಅದು ಹಣ್ಣಾಗುವುದೇ ಮಳೆಗಾಲದಲ್ಲಿ, ಒಣಗಿಸಲು ಬಿಸಿಲೆಲ್ಲಿ? ಒಲೆಯ ಮೇಲೆ ತಟ್ಟಿ ಕಟ್ಟಿ ಹೊಗೆಯಲ್ಲೇ ಒಣಗಿಸಬೇಕು. ಹಾಗಾಗಿ ಸಿಪ್ಪೆಗೆ ಹೊಗೆಯ ವಾಸನೆ ಹಿಡಿದಿರುತ್ತದೆ. ಇದನ್ನು ತಿಳಿಸಾರಿಗೆ ಹಾಕಿದಿರೋ, ಸಾರೆಲ್ಲ ಬಚ್ಚಲ ಒಲೆಯ ಪಕ್ಕ ಕೂತಂತೆ ನಾರುತ್ತದೆ. ಮಾಂಸಕ್ಕೆ, ಮೀನಿಗೆ ಅದೇ ಹೊಗೆ ಭೂಷಣ. ಕೊಡಗಿನವರು ಇದೇ ಜಾತಿಯ ಹಣ್ಣಿನ ರಸವನ್ನು ಕಪ್ಪಗಾಗುವವರೆಗೆ ಕುದಿಸಿ ಇಳಿಸಿ ಕಾಚಂಪುಳಿ ಮಾಡುತ್ತಾರೆ. ಅದು ಮನೆಯಲ್ಲಿದ್ದರೆ ಅಡುಗೆ ಇಳಿಸುವ ಮುಂಚೆ ಹಾಕಿ, ಚಮಚ ಅಳೆದು ಹಾಕಿ. ಕೈ ಜಾರಿದರೆ ಆಮೇಲೆ ಬೆಲ್ಲವೂ ಕಾಯುವುದಿಲ್ಲ.

ಪುನರ್ಪುಳಿಯ ಒಣ ಸಿಪ್ಪೆ ಇದ್ದರೆ ಐದಾರು ಹಾಕಿ ಕುದಿಸಿ, ಬಡಿಸುವ ಮುಂಚೆ ತೆಗೆದುಬಿಡಿ. ಸಾರಿಗೆ ನೇರಳೆಗೆಂಪು ಬಣ್ಣ ಬರುತ್ತದೆ, ಮಕ್ಕಳಿಗೆ ಖುಷಿ. ಅಮಟೆಕಾಯಿ, ಬಿಂಬುಳಿ ಹಸಿಯಾಗಿ ಸಿಗುವ ಕಾಲದಲ್ಲಿ ಅವುಗಳ ಮುಂದೆ ಟೊಮೆಟೊ ಬೇಕೆಂದೇ ಅನಿಸುವುದಿಲ್ಲ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿ ಓಡಿದಾಗ ಊರಿಗೆ ಊರೇ ಅಮಟೆ ಮರದ ಕೆಳಗೆ ನಿಂತಿತ್ತು ಎಂದರೆ ಸ್ವಲ್ಪ ಉತ್ಪ್ರೇಕ್ಷೆ, ಆದರೆ ಸ್ವಲ್ಪವೇ.

ಆ ತಿಂಗಳು ನಾನೊಂದು ಎಡವಟ್ಟು ಮಾಡಿದೆ. ಟೊಮೆಟೊ ಬದಲು ಎಂಟು ಬಿಂಬುಳಿ ಹೆಚ್ಚಿ, ತೊಗರಿಬೇಳೆಯ ಜೊತೆಗೇ ಪಾತ್ರೆಗೆ ಹಾಕಿ ಒಲೆಗಿಟ್ಟೆ. ಗ್ಯಾಸ್ ಉಳಿಸುವ ಬುದ್ಧಿವಂತಿಕೆ. ಒಂದೂವರೆ ಗಂಟೆ ಕುದಿದರೂ ಬೇಳೆ ಬೇಳೆಯಾಗಿಯೇ ಇತ್ತು. ಹುಳಿ ಬಿದ್ದ ನೀರಿನಲ್ಲಿ ಬೇಳೆಯ, ತರಕಾರಿಯ ಜೀವಕೋಶದ ಗೋಡೆ ಗಟ್ಟಿಯಾಗಿ ನಿಲ್ಲುತ್ತದೆ, ಕರಗಲು ಒಪ್ಪುವುದಿಲ್ಲ. ಯಾವ ಹುಳಿಯಾದರೂ ಸರಿ, ಬೇಳೆ, ಗೆಡ್ಡೆ, ಕಾಳು ಪೂರ್ತಿ ಬೆಂದ ಮೇಲೆಯೇ ಹಾಕಿ. ಈ ಗುಣವನ್ನು ತಿರುಗಿಸಿಯೂ ಬಳಸಬಹುದು: ಬೆಂಡೆ, ಬಾಳೆಕಾಯಿ ಪಲ್ಯದಲ್ಲಿ ಹೋಳು ಒಡೆಯದೆ ನಿಲ್ಲಬೇಕೆಂದರೆ ಹುಳಿಯನ್ನು ಮೊದಲೇ ಹಾಕಿ.

ನಿಂಬೆಹಣ್ಣು ಎಲ್ಲರಿಗೂ ಮೊದಲು ನೆನಪಾಗುವ ಬದಲಿ, ಎಲ್ಲರೂ ಕೆಡಿಸುವ ಬದಲಿಯೂ ಹೌದು. ಕುದಿಸಿದರೆ ಅದರ ಪರಿಮಳ ಹಾರಿಹೋಗಿ ಕಹಿ ಉಳಿಯುತ್ತದೆ. ಒಲೆಯಿಂದ ಇಳಿಸಿ, ಒಂದು ನಿಮಿಷ ಬಿಟ್ಟು ಹಿಂಡಿ. ಹೇರಳೆಕಾಯಿ, ಕಂಚಿಕಾಯಿಗೂ ಇದೇ ಮಾತು. ಮಜ್ಜಿಗೆ ಹಾಕುವುದಾದರೆ ಒಂದು ಚಮಚ ಅಕ್ಕಿಹಿಟ್ಟನ್ನೋ, ತೆಂಗಿನಕಾಯಿಯ ಜೊತೆ ಅರೆದ ನೆನೆಅಕ್ಕಿಯನ್ನೋ ಕಲಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕಾಯಿಸಿ. ಉಕ್ಕಿ ಕುದಿಯಲು ಬಿಟ್ಟರೆ ಒಡೆದು ನೀರು ಬೇರೆ ಗರಣೆ ಬೇರೆ ಆಗುತ್ತದೆ. ಮಾವಿನ ಮಿಡಿಯ ಉಪ್ಪಿನಕಾಯಿ ಭರಣಿಯ ತಳದಲ್ಲಿ ಉಳಿದ ರಸವಿದೆಯಲ್ಲ, ಅದೂ ಒಳ್ಳೆಯ ಹುಳಿ. ಒಂದೇ ಎಚ್ಚರ, ಉಪ್ಪು ಅದರಲ್ಲೇ ಇರುತ್ತದೆ, ಮತ್ತೆ ಹಾಕಬೇಡಿ.

ಕೆಸುವಿನಲ್ಲಿ ಮಾತ್ರ ಹುಳಿಯನ್ನು ಬಿಟ್ಟುಬಿಡುವ ಪ್ರಶ್ನೆಯಿಲ್ಲ. ಅದರ ಎಲೆ, ದಂಟು, ಗೆಡ್ಡೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಗಂಟಲಿಗೆ ಚುಚ್ಚುತ್ತವೆ. ಚೆನ್ನಾಗಿ ಬೇಯಿಸಬೇಕು, ಗಟ್ಟಿ ಹುಳಿಯೇ ಬೇಕು. ವಾಟೆಯೋ ಉಪ್ಪಾಗೆಯೋ ಆದೀತು. ಬರೀ ತೆಳು ಮಜ್ಜಿಗೆಯನ್ನು ನಂಬಿ ನಾನು ಒಮ್ಮೆ ಪತ್ರೊಡೆ ಮಾಡಿದ್ದೆ. ಆಮೇಲೆ ಮನೆಯವರೆಲ್ಲ ಅರ್ಧ ಗಂಟೆ ಕೆಮ್ಮುತ್ತ ಕೂತರು.

ಮೆಣಸಿಗೆ ಮೆಣಸೇ

ಕಾಫಿ ತೋಟದ ಮನೆಗಳಲ್ಲಿ ಒಂದು ತಮಾಷೆಯಿದೆ. ಹೊರಗೆ ಪ್ರತಿ ನೆರಳುಮರಕ್ಕೂ ಮೆಣಸಿನ ಬಳ್ಳಿ ಹಬ್ಬಿರುತ್ತದೆ, ಒಳಗೆ ಚೀಲದಲ್ಲಿ ಕಾಳುಮೆಣಸು ಬೆಲೆ ಬರಲಿ ಎಂದು ಕಾಯುತ್ತಿರುತ್ತದೆ, ಅಡುಗೆಯವರು ಮಾತ್ರ "ಮೆಣಸಿನಕಾಯಿ ಮುಗಿದಿದೆ, ಅಂಗಡಿಗೆ ಯಾರು ಹೋಗುತ್ತೀರಿ" ಎಂದು ಕೂಗುತ್ತಿರುತ್ತಾರೆ. ಮೆಣಸು ಎಂಬ ಹೆಸರು ಮೊದಲು ಈ ಬಳ್ಳಿಯ ಕಾಳಿನದು. ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕದ ಕಾಯಿ ಬಂದಾಗ ಅದಕ್ಕೆ ಹೊಸ ಹೆಸರು ಹುಡುಕದೆ ಮೆಣಸಿನಕಾಯಿ ಎಂದರು. 16ನೆಯ ಶತಮಾನದ ಮೊದಲ ಭಾಗದಲ್ಲಿ ಮೂರನೆಯ ಮಂಗರಸ ಬರೆದ 'ಸೂಪಶಾಸ್ತ್ರ'ದಲ್ಲಿ ಬದನೆ, ಹಲಸು, ಬಾಳೆ, ಕಳಲೆಗಳ ಅಡುಗೆಯಿದೆ. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ ಇಲ್ಲ. ಅವು ನಮ್ಮ ಅಡುಗೆಮನೆಗೆ ಇನ್ನೂ ಕಾಲಿಟ್ಟಿರಲಿಲ್ಲ. ಪರದೇಶದಿಂದ ಬಂದ ಬಹಳಷ್ಟಕ್ಕೆ ನಮ್ಮವರು ಹಳೆಯ ಹೆಸರಿನ ಮುಂದೆ ಒಂದು 'ಸೀಮೆ' ಅಂಟಿಸಿ ಒಳಗೆ ಬಿಟ್ಟುಕೊಂಡಿದ್ದಾರೆ. ಸೀಮೆಬದನೆ ಈಗ ನಮ್ಮ ಬೇಲಿಯ ಮೇಲೆಲ್ಲ ಹಬ್ಬಿದೆ. ಹುಳಿಗೆ ಹೋಳು ಸಾಲದಾದಾಗ ಮೊದಲು ಕೈಹೋಗುವುದು ಅಲ್ಲಿಗೇ.

ಮೆಣಸಿನಕಾಯಿ ಇಲ್ಲದೆ ಕಾಳುಮೆಣಸಿನಲ್ಲಿ ಅಡುಗೆ ಮಾಡುವಾಗ ತಿಳಿದಿರಬೇಕಾದದ್ದು ಒಂದೇ: ಖಾರ ಸಿಗುತ್ತದೆ, ಬಣ್ಣ ಮತ್ತು ಮಂದ ಸಿಗುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿ ಖಾರಕ್ಕಿಂತ ಹೆಚ್ಚಾಗಿ ಬಣ್ಣಕ್ಕೆ, ಅರೆದಾಗ ಬರುವ ದಪ್ಪಕ್ಕೆ. ಹತ್ತು ಬ್ಯಾಡಗಿ ಬೇಕಿದ್ದಲ್ಲಿ ಗುಂಟೂರು ಮಾತ್ರ ಇದ್ದರೆ ಮೂರೋ ನಾಲ್ಕೋ ಸಾಕು. ಕಡಿಮೆಯಾದ ಮಂದಕ್ಕೆ ಒಂದು ಚಮಚ ಹುರಿದ ಕೊತ್ತಂಬರಿ ಬೀಜ ಹೆಚ್ಚಿಗೆ ಹಾಕಿ ಅರೆಯಿರಿ. ಎರಡೂ ಇಲ್ಲವೆಂದರೆ ಕೋಳಿಸಾರನ್ನು ಕರಿಸಾರು ಮಾಡಿಬಿಡಿ: ಕಾಳುಮೆಣಸು, ಜೀರಿಗೆ, ಕೊತ್ತಂಬರಿ ಕಪ್ಪಗಾಗುವಷ್ಟು ಹುರಿದು ಕುಟ್ಟಿ ಹಾಕಿದರೆ ಕಡುಬಿಗೆ ಅದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಕಾಳುಮೆಣಸನ್ನು ಆಗಷ್ಟೇ ಕುಟ್ಟಿ, ಇಳಿಸುವ ಸ್ವಲ್ಪ ಮುಂಚೆ ಹಾಕಿ. ಅದರ ಪರಿಮಳ ಬಹಳ ಹೊತ್ತಿನ ಕುದಿಗೆ ನಿಲ್ಲುವುದಿಲ್ಲ.

ಹಸಿಮೆಣಸಿನಕಾಯಿಗೆ ತೋಟದ ಬದಿಯ ಸೂಜಿಮೆಣಸು ಇದೆ. ಹಕ್ಕಿಗಳು ಬಿತ್ತಿದ್ದು, ನಾವು ನೆಟ್ಟಿದ್ದಲ್ಲ. ಉಗುರುದ್ದ ಇಲ್ಲ, ಆದರೆ ಒಂದು ಹಾಕಿದರೆ ನಾಲ್ಕು ಮೆಣಸಿನಕಾಯಿಯ ಕೆಲಸ. ಬಿಡಿಸಿದ ಕೈಯನ್ನು ಕಣ್ಣಿಗೆ ಒಯ್ಯಬೇಡಿ.

ಕೊತ್ತಂಬರಿ ಸೊಪ್ಪಿಗೆ ಕಾಡುಕೊತ್ತಂಬರಿ. ಉದ್ದ ಎಲೆ, ಅಂಚಿಗೆ ಮುಳ್ಳುಮುಳ್ಳಾದ ಗರಗಸ. ಬಚ್ಚಲು ನೀರು ಹರಿಯುವ ಜಾಗದಲ್ಲಿ ಒಂದು ಸಲ ಬೇರೂರಿತೆಂದರೆ ಮತ್ತೆ ಕೇಳುವ ಹಾಗಿಲ್ಲ. ವಾಸನೆ ಜೋರು, ಒಂದು ಕಟ್ಟು ಸೊಪ್ಪಿನ ಬದಲು ಮೂರು ಎಲೆ ಸಾಕು. ಕೊತ್ತಂಬರಿ ಸೊಪ್ಪನ್ನು ಕಡೆಯಲ್ಲಿ ಉದುರಿಸುತ್ತೇವೆ; ಇದನ್ನು ಅರೆಯುವ ಮಸಾಲೆಗೇ ಹಾಕಬಹುದು, ಕುದಿದರೂ ವಾಸನೆ ಬಿಡುವುದಿಲ್ಲ. ಕರಿಬೇವಿಗೆ ಬದಲಿ ಏನೆಂದು ಕೇಳಬೇಡಿ. ಇಲ್ಲದಿದ್ದರೆ ಇಲ್ಲ.

ತೆಂಗು ಸಾಲದಾದರೆ

2025ರಲ್ಲಿ ತೆಂಗಿನಕಾಯಿ ಬೆಲೆ ಏರಿದ ಮೇಲೆ ಈ ಪ್ರಶ್ನೆ ಪೇಟೆಯವರಿಂದಲೂ ಬರುತ್ತಿದೆ. ತೆಂಗು ಮಾಡುವ ಕೆಲಸ ಮೂರು: ಜಿಡ್ಡು, ಸಣ್ಣ ಸಿಹಿ, ರಸಕ್ಕೆ ಮಂದ. ಚಟ್ನಿಯಲ್ಲಿ ಅದರ ರುಚಿಯೇ ಮುಖ್ಯ, ಅಲ್ಲಿ ಬದಲಿ ಹುಡುಕುವ ಬದಲು ಬೇರೆ ಚಟ್ನಿ ಮಾಡಿ. ಹುಳಿ, ಸಾಗು, ಪಲ್ಯದ ರಸದಲ್ಲಿ ಮುಖ್ಯವಾದದ್ದು ಮಂದ, ಅಲ್ಲಿ ದಾರಿಗಳಿವೆ.

ಅರ್ಧ ಹೋಳು ತೆಂಗಿನಕಾಯಿ ಬೇಕಿದ್ದಲ್ಲಿ ಕಾಲು ಹೋಳು ಹಾಕಿ, ಉಳಿದದ್ದಕ್ಕೆ ಒಂದೂವರೆ ಚಮಚ ಹುರಿಗಡಲೆ ಸೇರಿಸಿ ಅರೆಯಿರಿ. ಪೂರ್ತಿ ಹುರಿಗಡಲೆಯೇ ಆದರೆ ಅಂಟುಅಂಟಾಗಿ ತಳ ಹಿಡಿಯುತ್ತದೆ. ಅದನ್ನು ಕೊನೆಯಲ್ಲಿ ಹಾಕಿ ಒಂದು ಕುದಿ ಬಂದ ಕೂಡಲೇ ಇಳಿಸಬೇಕು; ಆರಿದ ಮೇಲೆ ಇನ್ನಷ್ಟು ಗಟ್ಟಿಯಾಗುವುದರಿಂದ ನೀರು ಒಂದು ಲೋಟ ಹೆಚ್ಚಿಗೆ ಇರಲಿ. ಎಳ್ಳು, ಹುಚ್ಚೆಳ್ಳು ಹುರಿದು ಅರೆದರೆ ಜಿಡ್ಡೂ ಬರುತ್ತದೆ. ಚಟಪಟ ಶುರುವಾದೊಡನೆ ಬಾಣಲೆಯಿಂದ ಸುರಿದುಬಿಡಿ, ಬಣ್ಣ ತಿರುಗುವವರೆಗೆ ಕಾದರೆ ಕಹಿ. ಕಡಲೆಬೀಜವೂ ಆಗುತ್ತದೆ. ಆದರೆ ನೆಂಟರಲ್ಲಿ ಯಾರಿಗಾದರೂ ಅದು ಒಗ್ಗುವುದಿಲ್ಲವೇ ಎಂದು ಬಡಿಸುವ ಮುಂಚೆ ಕೇಳಿ. ಬದಲಿ ಹಾಕಿದವರು ಹಾಕಿದ್ದೇನೆಂದು ಹೇಳದಿದ್ದರೆ ತಿನ್ನುವವರಿಗೆ ಹೇಗೆ ತಿಳಿಯಬೇಕು?

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹಲಸಿನ ಬೀಜ. ಬೇಸಿಗೆಯ ಕೊನೆಗೆ ಹಣ್ಣು ತಿಂದು ಬಿಸಾಡುವ ಬೀಜಕ್ಕೆ ಕೆಮ್ಮಣ್ಣು ಸವರಿ ಒಣಗಿಸಿ, ಮೂಲೆಯಲ್ಲಿ ರಾಶಿ ಹಾಕಿದರೆ ಮಳೆಗಾಲ ಪೂರ್ತಿ ಕೆಡುವುದಿಲ್ಲ. ಮರಳಿನಲ್ಲಿ ಹೂತಿಡುವವರೂ ಇದ್ದಾರೆ. ಎಂಟು ಹತ್ತು ಬೀಜ ಬೇಯಿಸಿ, ಹೊರಗಿನ ಬಿಳಿ ಸಿಪ್ಪೆ ಸುಲಿದು ನುಣ್ಣಗೆ ಅರೆದು ಹುಳಿಗೆ ಸೇರಿಸಿ. ತೆಂಗಿನ ಜಿಡ್ಡಿಲ್ಲ, ಆದರೆ ಆ ಮಂದವಿದೆ, ಹಿಂದೆಯೇ ಸಣ್ಣ ಸಿಹಿಯೂ ಇದೆ. ಒಗ್ಗರಣೆಗೆ ಒಂದು ಚಮಚ ತುಪ್ಪ ಹೆಚ್ಚಿಗೆ ಹಾಕಿದರೆ ಆ ಕೊರತೆಯೂ ಮುಚ್ಚಿತು. ತರಕಾರಿ ಇಲ್ಲದ ದಿನ ಅದೇ ಬೀಜ ಹೋಳೂ ಹೌದು, ಅದೇ ರಸವೂ ಹೌದು.

ಯುಗಾದಿಯ ಹೋಳಿಗೆ, ಮೈದಾ ಇಲ್ಲದೆ

2020ರ ಮಾರ್ಚ್ 25 ಯುಗಾದಿ. ಹಿಂದಿನ ರಾತ್ರಿ ಎಂಟು ಗಂಟೆಗೆ ಟಿವಿಯಲ್ಲಿ ಲಾಕ್‌ಡೌನ್ ಘೋಷಣೆ. ಹಬ್ಬದ ಬೆಳಿಗ್ಗೆ ಮೈದಾ, ಚಿರೋಟಿ ರವೆ ತರೋಣವೆಂದುಕೊಂಡಿದ್ದ ಮನೆಗಳಲ್ಲಿ ನಮ್ಮದೂ ಒಂದು. ಇದ್ದದ್ದು ಗೋಧಿಹಿಟ್ಟು.

ಹೋಳಿಗೆಯ ಕಣಕದಲ್ಲಿ ಮೈದಾ ಮಾಡುವ ಕೆಲಸ ಎಳೆದರೆ ಹರಿಯದೆ ಹಿಗ್ಗುವುದು. ಗೋಧಿಹಿಟ್ಟಿನಲ್ಲೂ ಆ ಗುಣವಿದೆ, ಆದರೆ ತವುಡಿನ ಚೂರುಗಳು ಬ್ಲೇಡಿನ ಹಾಗೆ ಅದನ್ನು ಅಲ್ಲಲ್ಲಿ ಕತ್ತರಿಸುತ್ತವೆ. ಹಾಗಾಗಿ ಹಿಟ್ಟನ್ನು ತೆಳು ಪಂಚೆಯ ಬಟ್ಟೆಯಲ್ಲಿ ಜರಡಿ ಹಿಡಿದೆವು. ನೀರು ತುಸು ಹೆಚ್ಚು ಹಾಕಿ, ಕೈಗೆ ಅಂಟುವಷ್ಟು ಸಡಿಲವಾಗಿ ಕಲಸಿ, ಎಣ್ಣೆ ಸುರಿದು ಎರಡೂವರೆ ಗಂಟೆ ನೆನೆಯಲು ಬಿಟ್ಟೆವು. ಅವಸರ ಮಾಡಿದರೆ ಹೂರಣ ಹೊರಗೆ ಇಣುಕುತ್ತದೆ. ಹೂರಣವನ್ನೂ ಮಾಮೂಲಿಗಿಂತ ಒಂದು ಪಾಲು ಕಡಿಮೆ ತುಂಬಿದೆವು. ಬಣ್ಣ ಮಣ್ಣಿನ ಹಾಗೆ ಬಂತು, ರುಚಿಗೇನೂ ಕಮ್ಮಿಯಿರಲಿಲ್ಲ. ಈಗ ಮೈದಾ ಇದ್ದರೂ ನಾವು ಅರ್ಧಕ್ಕರ್ಧ ಗೋಧಿಹಿಟ್ಟೇ ಹಾಕುತ್ತೇವೆ.

ಉದ್ದು ಇಲ್ಲದ ದೋಸೆಗೂ ಇಂಥದೇ ಲೆಕ್ಕ. ಉದ್ದಿನ ಅಂಟು ಹುದುಗಿನ ಗಾಳಿಯನ್ನು ಹಿಡಿದಿಡುತ್ತದೆ. ಮೆಂತ್ಯದಲ್ಲೂ ಅಂಥ ಅಂಟಿದೆ. ಎರಡು ಪಾವು ಅಕ್ಕಿಗೆ ಎರಡು ದೊಡ್ಡ ಚಮಚ ಮೆಂತ್ಯ, ಒಂದು ಹಿಡಿ ಅವಲಕ್ಕಿಯೋ ನಿನ್ನೆಯ ಅನ್ನವೋ ಸೇರಿಸಿ ನೆನೆಸಿ ರುಬ್ಬಿದರೆ ಮೆತ್ತನೆಯ ದೋಸೆ ಬರುತ್ತದೆ. ಇಡ್ಲಿ ಮಾತ್ರ ಕೇಳಬೇಡಿ, ಅಷ್ಟು ಎತ್ತರಕ್ಕೆ ಹಿಟ್ಟು ನಿಲ್ಲುವುದಿಲ್ಲ. ಮಳೆಗಾಲದ ರಾತ್ರಿಯಲ್ಲಿ ಇಲ್ಲಿ ಯಾವ ಹಿಟ್ಟೂ ಉಬ್ಬಲು ಒಪ್ಪುವುದಿಲ್ಲ. ಪಾತ್ರೆಯನ್ನು ಬಚ್ಚಲ ಹಂಡೆಯ ಒಲೆ ಪಕ್ಕ, ಬೂದಿ ಬೆಚ್ಚಗಿರುವ ಕಡೆ ಇಡಿ. ಅಷ್ಟೂ ವ್ಯವಧಾನ ಇಲ್ಲವೆಂದರೆ ನೀರುದೋಸೆ ಹುಯ್ಯಿರಿ. ಅದಕ್ಕೆ ಉದ್ದೂ ಬೇಡ, ಹುದುಗೂ ಬೇಡ.

ಹೆಪ್ಪಿಗೆ ಮಜ್ಜಿಗೆಯೇ ಇಲ್ಲವಾದರೆ ಉಗುರುಬೆಚ್ಚಗಿನ ಹಾಲಿಗೆ ತೊಟ್ಟಿರುವ ಎರಡು ಮೆಣಸಿನಕಾಯಿ ಮುಳುಗಿಸಿಡುವ ಹಳೆಯ ಉಪಾಯವಿದೆ. ಮೊದಲ ಮೊಸರು ತೆಳ್ಳಗೆ, ಹಿಡಿತವಿಲ್ಲದೆ ಬರುತ್ತದೆ. ಅದನ್ನೇ ಹೆಪ್ಪಾಗಿ ಹಾಕಿದ ಎರಡನೆಯ ಮೊಸರು ಗಟ್ಟಿಯಾಗಿರುತ್ತದೆ. ಕೇಕು ಮಾಡುವವರಿಗೆ: ಒಂದು ಚಮಚ ಬೇಕಿಂಗ್ ಪೌಡರ್ ಇಲ್ಲದಿದ್ದರೆ ಕಾಲು ಚಮಚ ಅಡುಗೆ ಸೋಡ, ಅರ್ಧ ಚಮಚ ನಿಂಬೆರಸ. ಸೇರಿಸಿದ ಕೂಡಲೇ ಒಲೆಗೆ ಹೋಗಬೇಕು, ಫೋನಿನಲ್ಲಿ ಮಾತಾಡುತ್ತ ನಿಂತರೆ ಗಾಳಿಯೆಲ್ಲ ಹೋಗಿರುತ್ತದೆ.

ಅಕ್ಕಿಯ ವಿಷಯಕ್ಕೆ ಬಂದರೆ, ಅತಿ ದೊಡ್ಡ ಬದಲಿಯನ್ನು ಮಾಡಿದ್ದು ಸರ್ಕಾರವೇ. 2023ರ ಜುಲೈನಲ್ಲಿ ಅನ್ನಭಾಗ್ಯಕ್ಕೆ ಹೆಚ್ಚುವರಿ ಅಕ್ಕಿ ಸಿಗದೆ, ತಲಾ ಐದು ಕಿಲೋ ಅಕ್ಕಿಯ ಬದಲು ಕಿಲೋಗೆ 34ರಂತೆ 170 ರೂಪಾಯಿ ಖಾತೆಗೆ ಬಂತು. ಅದನ್ನು ಕಡುಬು ಮಾಡುವುದು ಹೇಗೆಂದು ನಮ್ಮತ್ತೆ ಕೇಳಿದರು. ಕಡುಬಿಗೆ ಅಕ್ಕಿತರಿ ಸಾಲದಾದಾಗ ಅವರು ಮಾಡುವುದು ಇಷ್ಟು: ನಿನ್ನೆಯ ಅನ್ನವನ್ನು ಕೈಯಲ್ಲಿ ಮಿದ್ದು, ಕುದಿಸಿ ಗಟ್ಟಿಯಾದ ತರಿಗೆ ಕಾಲು ಭಾಗದಷ್ಟು ಸೇರಿಸಿ ಉಂಡೆ ಕಟ್ಟುವುದು. ಕಾಲು ಭಾಗ ಮೀರಿದರೆ ಹಬೆಯಲ್ಲಿ ಕಡುಬು ಕರಗಿ ಕೂರುತ್ತದೆ.

ಕಾಫಿಪುಡಿ ಇಲ್ಲದ ಕಾಫಿ ಸೀಮೆ

ನಗಬೇಡಿ, ಆಗುತ್ತದೆ. ಬೆಳೆದ ಕಾಫಿ ಮೂಟೆಯಲ್ಲಿ ಹೋಗುತ್ತದೆ, ಕುಡಿಯುವ ಕಾಫಿ ಪೊಟ್ಟಣದಲ್ಲಿ ಬರುತ್ತದೆ. ಎರಡನೆಯ ಮಹಾಯುದ್ಧದ ಕಾಲದಿಂದ 1990ರ ದಶಕದ ಮಧ್ಯದವರೆಗೆ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. ಮನೆಖರ್ಚಿಗೆ, ಬಿತ್ತನೆಗೆ ಮಂಡಳಿ ಒಪ್ಪಿದಷ್ಟು ಮಾತ್ರ ಉಳಿಸಿಕೊಳ್ಳಬಹುದಿತ್ತು. ಇವತ್ತು ಆ ಕಟ್ಟಳೆಯಿಲ್ಲ, ಆದರೂ ಹುರಿದು ಪುಡಿ ಮಾಡುವ ತಾಳ್ಮೆ ಕಡಿಮೆ.

ರಸ್ತೆ ಬಂದಾಗಿ ಪೊಟ್ಟಣ ಮುಗಿದರೆ, ಮನೆಯಲ್ಲಿರುವ ಒಣ ಕಾಫಿಯ ಸಿಪ್ಪೆಯನ್ನು ಒನಕೆಯಲ್ಲಿ ಹಗುರಕ್ಕೆ ಕುಟ್ಟಿ, ಕೇರಿ, ಬೇಳೆಯನ್ನು ದಪ್ಪ ಕಬ್ಬಿಣದ ಬಾಣಲೆಯಲ್ಲಿ ಹುರಿಯಿರಿ. ಕೈ ನಿಲ್ಲಬಾರದು. ಮೊದಲು ಹುಲ್ಲಿನ ವಾಸನೆ, ಆಮೇಲೆ ಸುಟ್ಟ ರೊಟ್ಟಿಯ ವಾಸನೆ, ನಂತರ ಚಟ್ ಎಂದು ಸಿಡಿಯುವ ಸದ್ದು. ಸದ್ದು ನಿಂತು ಬಣ್ಣ ಗಾಢ ಕಂದಾದೊಡನೆ ಮೊರಕ್ಕೆ ಸುರಿದು ಗಾಳಿಗೆ ಆರಿಸಿ, ಒಂದು ರಾತ್ರಿ ಬಿಟ್ಟು ಪುಡಿ ಮಾಡಿ. ಚಿಕೋರಿ ಇರುವುದಿಲ್ಲವಾದ್ದರಿಂದ ಡಿಕಾಕ್ಷನ್ ತೆಳ್ಳಗೆ, ಕೆಂಪಗೆ ಕಾಣುತ್ತದೆ. ಪುಡಿ ಒಂದೂವರೆ ಪಾಲು ಹಾಕಿ. ಚಿಕೋರಿ ಬೆರೆಸಿದ ಪುಡಿಗೆ ಒಗ್ಗಿದ ನಾಲಿಗೆಗೆ ಮೊದಲೆರಡು ದಿನ ಏನೋ ತಪ್ಪಿದಂತೆ ಅನಿಸೀತು. ಕಾನೂನಿನ ಪ್ರಕಾರ ಅಂಥ ಪುಡಿಯಲ್ಲಿ ಕಾಫಿ ನೂರಕ್ಕೆ 51 ಭಾಗ ಇದ್ದರೆ ಸಾಕು ಎಂಬುದನ್ನು ನೆನಪಿಸಿಕೊಂಡರೆ, ತಪ್ಪಿದ್ದು ಯಾವುದೆಂದು ತಿಳಿಯುತ್ತದೆ.

ಸಕ್ಕರೆ ಇಲ್ಲವೆಂದು ಬೆಲ್ಲ ಹಾಕುವಾಗ ಹಾಲು ಒಡೆಯುವುದುಂಟು. ಹಾಲಿನ ಜೊತೆ ಬೆಲ್ಲವನ್ನು ಕುದಿಸಬೇಡಿ. ಡಿಕಾಕ್ಷನ್‌ನಲ್ಲಿ ಬೆಲ್ಲ ಕರಗಿಸಿಕೊಂಡು, ಲೋಟಕ್ಕೆ ಹಾಕಿ, ಮೇಲೆ ಕಾಯಿಸಿದ ಹಾಲು ಸುರಿಯಿರಿ. ಸಕ್ಕರೆ ಕಾಯಿಲೆಯವರು ಬೆಲ್ಲವನ್ನು ಬದಲಿ ಎಂದುಕೊಳ್ಳಬಾರದು, ಮೈಗೆ ಎರಡೂ ಹೆಚ್ಚುಕಡಿಮೆ ಒಂದೇ.

ಬೇಲಿಯ ಆಚೆ ಕೈಚಾಚುವ ಮುಂಚೆ

2019ರ ಆಗಸ್ಟಿನ ಮಳೆಯಲ್ಲಿ ನಮ್ಮ ತಾಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಕುಸಿದು ಮನೆ ತೋಟಗಳೇ ಹೋದವು. ಚಾರ್ಮಾಡಿ ಘಾಟಿ ಮುಚ್ಚಿತು. ಮಂಗಳೂರಿನ ಮೀನಿನ ಗಾಡಿಯೂ ನಿಂತಿತು. ಹೇಗೂ ಜೂನ್, ಜುಲೈ ಎರಡು ತಿಂಗಳು ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುವುದರಿಂದ ಮಳೆಗಾಲದಲ್ಲಿ ಇಲ್ಲಿಯವರಿಗೆ ಒಣಮೀನು ಹೊಸದಲ್ಲ. ಹಸಿಮೀನಿನ ಸಾರಿಗೆ ಒಣಮೀನು ಹಾಕುವಾಗ ಇಪ್ಪತ್ತು ನಿಮಿಷ ಬಿಸಿನೀರಿನಲ್ಲಿ ನೆನೆಸಿ, ಆ ನೀರು ಚೆಲ್ಲಿ, ಸಾರಿಗೆ ಉಪ್ಪನ್ನು ಕೊನೆಯಲ್ಲಿ ರುಚಿ ನೋಡಿ ಮಾತ್ರ ಹಾಕಿ.

ಅಂಥ ದಿನಗಳಲ್ಲಿ ಕೈ ಸಹಜವಾಗಿ ತೋಟಕ್ಕೆ, ಕಾಡಿಗೆ ಹೋಗುತ್ತದೆ. ಕಳಲೆ ತಂದರೆ ತೆಳ್ಳಗೆ ಹೆಚ್ಚಿ, ನೀರಿನಲ್ಲಿ ಮುಳುಗಿಸಿ, ದಿನಕ್ಕೊಮ್ಮೆ ನೀರು ಬದಲಿಸುತ್ತ ಎರಡು ಮೂರು ದಿನ ಇಡಲೇಬೇಕು, ಆಮೇಲೆ ಬೇಯಿಸಬೇಕು. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ವಸ್ತುವಿದೆ. "ಇವತ್ತೇ ನೆಂಟರು ಬಂದಿದ್ದಾರೆ" ಎನ್ನುವ ಕಾರಣ ಅದಕ್ಕೆ ತಿಳಿಯುವುದಿಲ್ಲ. ಅಣಬೆಯ ವಿಷಯದಲ್ಲಿ ಗುರುತು ಹಿಡಿಯುವ ಹಿರಿಯರು ಜೊತೆಯಲ್ಲಿ ಇಲ್ಲದಿದ್ದರೆ ಕೀಳಬೇಡಿ. ಬೆಳ್ಳಿ ಚಮಚ ಕಪ್ಪಾಗುತ್ತದೆ, ಅರಿಶಿನ ಹಾಕಿದರೆ ವಿಷ ಹೋಗುತ್ತದೆ ಎನ್ನುವುದೆಲ್ಲ ಬರೀ ಮಾತು.

ಸೊಪ್ಪು ಕೀಳುವವರಿಗೆ ಇನ್ನೊಂದು ಮಾತು, ಇದು ಅಡುಗೆ ಪುಸ್ತಕಗಳಲ್ಲಿ ಇರುವುದಿಲ್ಲ. ಚಗತೆ, ಕೆಸು, ಕಾಡುಕೊತ್ತಂಬರಿ ಎಲ್ಲ ಕಾಫಿ ಗಿಡದ ಬುಡದಲ್ಲಿ, ಅಡಿಕೆ ಸಾಲಿನಲ್ಲಿ ಹುಲುಸಾಗಿರುತ್ತವೆ. ಅದೇ ಮಳೆಗಾಲದಲ್ಲಿ ಮೈಲುತುತ್ತು, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಮೇಲಿನಿಂದ ಬೀಳುತ್ತದೆ. ಕೆಲವು ಕಡೆ ಕಳೆನಾಶಕವೂ. ಎಲೆಯ ಮೇಲೆ ನೀಲಿಬಿಳಿ ಕಲೆ ಕಂಡರೆ ಬಿಟ್ಟುಬಿಡಿ. ಕಾಣದಿದ್ದರೂ ತೋಟದ ರೈಟರನ್ನೋ ಔಷಧಿ ಹೊಡೆದವರನ್ನೋ ಕೇಳಿ ಕೀಳಿ. ನಮ್ಮ ಮನೆಯಲ್ಲಿ ಅದಕ್ಕೆಂದೇ ಬಚ್ಚಲ ಹಿಂದೆ ನಾಲ್ಕು ಮಾರು ಜಾಗಕ್ಕೆ ಪಂಪು ಹೊತ್ತವರು ಹೋಗಕೂಡದು ಎಂದು ಕಟ್ಟುನಿಟ್ಟು.

ಹುಣಸೆ ಮುಗಿದ ಆ ಜುಲೈನಲ್ಲಿ, ಅಡ್ಡ ಬಿದ್ದಿದ್ದ ಸಿಲ್ವರ್ ಓಕ್ ಮರ ಕಡಿದು ರಸ್ತೆ ಬಿಟ್ಟದ್ದು ಐದನೆಯ ದಿನ. ಯಜಮಾನರು ಮೂಡಿಗೆರೆಯಿಂದ ಮೊದಲ ಕೆಲಸವಾಗಿ ಒಂದು ಕಿಲೋ ಹುಣಸೆಹಣ್ಣು ತಂದು ಕೈಗಿತ್ತರು. ಅತ್ತೆ ಪೊಟ್ಟಣ ಬಿಚ್ಚಿ, ಮೂಸಿ ನೋಡಿ, ಒಂದು ಹಿಡಿ ಕಿತ್ತುಕೊಂಡು ಬಾವಿಕಟ್ಟೆಗೆ ಹೋದರು. ಮಳೆಗೆ ಕಪ್ಪಾಗಿದ್ದ ಹಿತ್ತಾಳೆ ಚೊಂಬು, ದೀಪ ಎಲ್ಲ ಅಲ್ಲಿ ಕಾಯುತ್ತಿದ್ದವು.